ನೀರ ನಡುಮಧ್ಯೆ ಯಾರ ಮನೆ ದೀಪ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಆಗಷ್ಟೇ ಕತ್ತಲಿಳಿದಿತ್ತು. ಕಡೂರು ಸೀಮೆಯ ನಮ್ಮ ಸಿಂಗಟಗೆರೆಯಲ್ಲೇ ಅರವತ್ತು ಮಳೆಗಾಲ ಕಳೆದ ಅವ್ವ ಅವತ್ತು ಮೊದಲ ಸಲ ಸಮುದ್ರ ನೋಡಿದ್ದಳು. ರಾಗಿಹೊಲ, ತೆಂಗಿನತೋಟ, ಮುಗಿಲು ನೋಡಿ ನೋಡಿ ಸೋತ ಕಣ್ಣು ಅವು. ಇದ್ದಕ್ಕಿದ್ದಂತೆ ದೂರದ ನೀರಿನ ಮೇಲೊಂದು ಬೆಳಕು ಮಿಂಚಿತು. ಆರಿತು. ಮತ್ತೆ ಮಿಂಚಿತು.

"ಯಾರ ಮನೆ ದೀಪನೋ ಮಗಾ ಅದು, ನೀರ ನಡುಮಧ್ಯೆ?"

ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಆಮೇಲೆ ಅದರ ಬೆನ್ನು ಹತ್ತಿದೆ ನೋಡಿ, ಆ ಒಂದು ಮಿಣುಕು ನನ್ನನ್ನು ಎಲ್ಲೆಲ್ಲಿಗೆ ಕರೆದೊಯ್ದಿತು!

ಅದು ದೇವಗಡ ದ್ವೀಪದ ದೀಪಸ್ತಂಭ. ಕಟ್ಟಿದ್ದು 1864ರಲ್ಲಿ. ಆ ಇಸವಿಯ ಹಿಂದುಮುಂದು ಕೆದಕಿದರೆ ಕಡಲಿನ ಕಥೆಗೆ ಎರೆಹೊಲವೇ ಬಂದು ಸೇರುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಧಾರವಾಡ ಸೀಮೆಯ ಹತ್ತಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಆ ಹತ್ತಿ ಘಟ್ಟ ಇಳಿದು ಹಡಗೇರಲು ಒಂದು ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಎರಡೇ ವರ್ಷಕ್ಕೆ ಕಾರವಾರದೆದುರಿನ ಬಂಡೆಯ ನೆತ್ತಿಯಲ್ಲಿ ದೀಪ ಹೊತ್ತಿತು. ಬಯಲುಸೀಮೆಯಲ್ಲಿ ಬಿರಿದ ಹತ್ತಿಕಾಯಿಗೂ ಕಡಲ ಕತ್ತಲಲ್ಲಿ ಉರಿದ ದೀಪಕ್ಕೂ ಇಂಥ ನಂಟು!

ಹೆಸರುಗಳ ವಿಚಾರಕ್ಕೆ ಬಂದಾಗಲಂತೂ ನಾನು ನಿಜಕ್ಕೂ ಬೆರಗಾದೆ. ಇದೇ ದೇವಗಡವನ್ನು ನಾವಿಕರ ನಕಾಶೆಯಲ್ಲಿ ಹುಡುಕಿದರೆ ಸಿಗುವುದು 'ಆಯ್ಸ್ಟರ್ ರಾಕ್ಸ್', ಅಂದರೆ ಸಿಂಪಿಬಂಡೆಗಳು. ಬಂಡೆ ಅದೇ. ದಡದವರ ಹೆಸರಲ್ಲಿ ದೇವರಿದ್ದಾನೆ, ಹಡಗಿನವರ ಹೆಸರಲ್ಲಿ ಸಿಂಪಿ ಇದೆ! ಮುರುಡೇಶ್ವರದೆದುರಿನ ನೇತ್ರಾಣಿಯನ್ನು ಇಂಗ್ಲಿಷರ ನಕಾಶೆ ಪಾರಿವಾಳದ ದ್ವೀಪ ಎಂದು ಕರೆಯಿತು. ಮಲ್ಪೆಯೆದುರಿನ ದ್ವೀಪಗಳಿಗೆ ದಡದ ತೋನ್ಸೆ ಊರಿನ ನೆನಪಲ್ಲಿ ತೋನ್ಸೆಪಾರ್ ಎಂಬ ಹೆಸರಿದೆ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಶಿಲುಬೆ ನೆಟ್ಟು ಸಂತ ಮೇರಿಯ ಹೆಸರಿಟ್ಟನೆಂಬ ಕಥೆಯೂ ಇದೆ. ಈ ಎರಡು ಹೆಸರಿಗೂ ಮೊದಲು, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಸೀಳಿಹೋದಾಗ ಉಕ್ಕಿದ ಲಾವಾ ಅಲ್ಲಿ ಕಂಬಕಂಬವಾಗಿ ಹೆಪ್ಪುಗಟ್ಟಿ ನಿಂತಿತ್ತು. ಆಗ ಹೆಸರಿಡಲು ಮನುಷ್ಯನೇ ಹುಟ್ಟಿರಲಿಲ್ಲ.

ಬೇರೆ ಬೇರೆ ಅರ್ಥದ ಹೆಸರು ಹೊತ್ತ ಈ ದ್ವೀಪಗಳಿಗೆ ತದ್ವಿರುದ್ಧವಾದ ಬಂಡೆಯೂ ಒಂದಿದೆ. ಸಿಂಗಪುರದ ಪೂರ್ವಕ್ಕೆ, ಜಲಸಂಧಿಯ ಬಾಯಲ್ಲಿ. 'ಸಿಂಗ' ಎಂಬ ದನಿ ಕಿವಿಗೆ ಬಿದ್ದರೆ ಸಿಂಗಟಗೆರೆಯವನು ತಿರುಗಿ ನೋಡದೆ ಇರುತ್ತಾನೆಯೇ! ಪೋರ್ಚುಗೀಸರು ಅದನ್ನು ಪೆದ್ರಾ ಬ್ರಾಂಕಾ ಎಂದರು, ಮಲಯರು ಬಾತು ಪುತೆಹ್ ಎಂದರು. ಎರಡೂ ಬಿಳಿಬಂಡೆಯೇ. ಕಡಲಹಕ್ಕಿಗಳ ಹಿಕ್ಕೆ ಬಿದ್ದು ಬಿದ್ದು ಬೆಳ್ಳಗಾದ ಕಲ್ಲದು. ಮಾತು ಬೇರೆ ಬೇರೆಯಾದರೂ ಹೆಸರಿನ ಅರ್ಥ ಒಂದೇ! 1851ರಿಂದ ಅಲ್ಲಿ ಹಾರ್ಸ್‌ಬರ್ಗ್ ದೀಪಸ್ತಂಭ ಬೆಳಗುತ್ತಿದೆ. ಆ ಕಲ್ಲು ಯಾರದೆಂದು ಸಿಂಗಪುರ, ಮಲೇಷ್ಯಾ ಎರಡೂ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ತೀರ್ಪು ಸಿಂಗಪುರದ ಕಡೆಗಾಯಿತು.

ಕಡಲಿನವರು ನೀರೊಳಗಿನ ನೆಲಕ್ಕೆ ಹೆಸರಿಟ್ಟರು. ನಮ್ಮ ಕಡೂರು ಸೀಮೆಯವರು ನೆಲದೊಳಗಿನ ನೀರಿನಿಂದಲೇ ಊರಿಗೆ ಹೆಸರು ಕೊಟ್ಟರು. ಮಳೆಕಾಲ ಮಳೆಗಾಲವಾದಂತೆ, ಕೆರೆ ಇನ್ನೊಂದು ಪದದ ಬೆನ್ನಿಗೆ ಬಂದು ಗೆರೆಯಾಗುತ್ತದೆ. ಶಾಲೆಯಲ್ಲಿ ಉರುಹೊಡೆದ ಆದೇಶ ಸಂಧಿ ನಮ್ಮ ಊರಿನ ಬೋರ್ಡಿನ ಮೇಲೇ ಕೂತಿತ್ತು! ದಾವಣಗೆರೆಯಲ್ಲೂ ಹಾಗೇ. ಆದರೆ ಪಕ್ಕದ ತರೀಕೆರೆಯಲ್ಲಿ, ಅರಸೀಕೆರೆಯಲ್ಲಿ ಕಕಾರ ಕದಲಿಲ್ಲ. ಎರಡರಲ್ಲೂ ಅದರ ಹಿಂದೆ ದೀರ್ಘ ಈಕಾರ. ಬಸ್ಸಿನ ಹಣೆಪಟ್ಟಿಯಲ್ಲಿ ದಿನಾ ಓದುವ ಹೆಸರುಗಳಲ್ಲಿ ಇದನ್ನು ಕಂಡ ದಿನ ನನಗೆ ನಿದ್ದೆ ಹತ್ತಲಿಲ್ಲ.

ದೇವಗಡದ ದೀಪ ಇನ್ನೊಂದು ಸೋಜಿಗ ಉಳಿಸಿಕೊಂಡಿತ್ತು. ಅಷ್ಟು ಎತ್ತರದ ನೆತ್ತಿಗೆ ದೀಪ ಒಯ್ದದ್ದೇಕೆಂದರೆ ಭೂಮಿ ಗುಂಡಗಿದೆ: ನೀರಮಟ್ಟದಲ್ಲಿರುವ ಕಣ್ಣಿಗೆ 60 ಮೀಟರ್ ಎತ್ತರದ ದೀಪ ಸುಮಾರು 28 ಕಿಲೋಮೀಟರ್ ದೂರದವರೆಗೆ ಕಂಡೀತು, ಅದರಾಚೆಗೆ ಕಡಲೇ ಅದನ್ನು ಮರೆಮಾಡುತ್ತದೆ. ಎತ್ತರ ಸಾಲದು, ಬೆಳಕು ಚೆದುರಲೂಬಾರದು. ಅದಕ್ಕೇ ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಗಾಜಿನ ಪಟ್ಟಿಗಳನ್ನು ಬಳೆಬಳೆಯಾಗಿ ಜೋಡಿಸಿ ಮಸೂರ ಮಾಡಿದ. 1823ರಲ್ಲಿ ಕಡಲೊಳಗಿನ ಕೋರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಬೆಳಗಿತು. ಇಷ್ಟಾದರೂ ನಾವಿಕನ ಕಷ್ಟ ತೀರಲಿಲ್ಲ. ಕತ್ತಲಲ್ಲಿ ಕಂಡದ್ದು ದೇವಗಡವೋ, ಬೇರೆ ಯಾವುದೋ? ಅದಕ್ಕೇ ಒಂದೊಂದು ದೀಪಕ್ಕೂ ಅದರದೇ ಲಯ ಕೊಟ್ಟರು. ಎಷ್ಟು ಸಲ ಮಿಂಚಬೇಕು, ನಡುವೆ ಎಷ್ಟು ಸೆಕೆಂಡು ಸುಮ್ಮನಿರಬೇಕು, ಎಲ್ಲ ಲೆಕ್ಕ. ನೆರೆಯ ದೀಪಗಳ ಲಯ ಒಂದೇ ಆಗದಂತೆ ನೋಡಿಕೊಳ್ಳುತ್ತಾರೆ. ನಾವಿಕ ಎಣಿಸುತ್ತಾನೆ, ಪುಸ್ತಕದಲ್ಲಿ ನೋಡುತ್ತಾನೆ, ಇಂಥ ಜಾಗವೆಂದು ತಿಳಿಯುತ್ತಾನೆ. ಅವ್ವ ಅವತ್ತು ಕಂಡದ್ದು ಬರೀ ಬೆಳಕಲ್ಲ. ಆ ಬಂಡೆ ತನ್ನ ಹೆಸರನ್ನು ಕೂಗಿ ಕೂಗಿ ಹೇಳುತ್ತಿತ್ತು!

ಊರಿಗೆ ಬಂದ ಮೇಲೆ ಒಂದು ರಾತ್ರಿ ಕರೆಂಟು ಹೋದಾಗ, ಜಗಲಿ ಮೇಲೆ ಕೂತು ಇದನ್ನೆಲ್ಲ ಅವ್ವನಿಗೆ ಹೇಳಿದೆ. ಕೈಯಲ್ಲಿದ್ದ ಟಾರ್ಚು ಹಚ್ಚಿ ಆರಿಸಿ ತೋರಿಸಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದಳು.

"ಹಂಗಾರೆ ನಮ್ಮೂರ ಹೆಸ್ರು ಹೇಳೋಕೆ ಎಷ್ಟು ಸಲ ಮಿಣುಕಿಸ್ಬೇಕು ಮಗಾ?"

ಬೆರಳು ಮಡಿಸಿದೆ. ಸಿಂ, ಗ, ಟ, ಗೆ, ರೆ. ಅವ್ವ ಟಾರ್ಚು ಕಸಿದುಕೊಂಡು ಕತ್ತಲ ಬೀದಿಯ ಕಡೆ ತಿರುಗಿಸಿದಳು. ಐದು ಸಲ.