ತೊಡೆಸಂದಿನ ನೋವಿಗೆ ಬರೀ ವಿಶ್ರಾಂತಿ ಮದ್ದಲ್ಲ

ಕಾರ್ಕಳದ ಮಿಯ್ಯಾರಿನಲ್ಲೋ ಕಾಪು ಬಳಿಯ ಕಟಪಾಡಿಯಲ್ಲೋ ಕಂಬಳ ನಡೆಯುವಾಗ ಕೋಣಗಳನ್ನು ಬಿಟ್ಟು, ಅವನ್ನು ಓಡಿಸುವವರ ಕಾಲನ್ನೇ ಒಮ್ಮೆ ನೋಡಿ. ಕೆಸರಲ್ಲಿ ಊರಿದ ಪಾದ ಹೊರಕ್ಕೆ ಜಾರುತ್ತದೆ. ಒಳತೊಡೆಯ ಸ್ನಾಯು ಅದನ್ನು ಹಿಡಿದು ಒಳಕ್ಕೆಳೆಯುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.50 ಮೀಟರ್ ಉದ್ದದ ಕೆಸರಿನ ಓಟದ ಹಾದಿಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅಂಥ ಓಟದಲ್ಲಿ ಪ್ರತಿ ಹೆಜ್ಜೆಯ ಜಗ್ಗಾಟವೂ ತೊಡೆಸಂದಿಗೇ ಬಂದು ಬೀಳುತ್ತದೆ. ಮಣಿಪಾಲದ ಫುಟ್‌ಬಾಲ್ ಆಟಗಾರರಿಗೂ ಉಡುಪಿಯ ಕಬಡ್ಡಿ ಹುಡುಗರಿಗೂ ಕಾಟ ಕೊಡುವ ಜಾಗ ಇದೇ.

ಕಿಬ್ಬೊಟ್ಟೆಯ ಬುಡದಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆಗೆ ಕೆಳಗಿನಿಂದ ಒಳತೊಡೆಯ ಸ್ನಾಯುಗಳು, ಮೇಲಿನಿಂದ ಹೊಟ್ಟೆಯ ಸ್ನಾಯುಗಳು ಅಂಟಿಕೊಂಡಿವೆ. ಪಕ್ಕದಲ್ಲೇ ಸೊಂಟದ ಕೀಲು. ಹೀಗಾಗಿ ನೋವು ಒಂದೇ ಕಡೆ ಕಂಡರೂ ಮೂಲ ಬೇರೆ ಬೇರೆ ಇರಬಹುದು. 2014ರಲ್ಲಿ ದೋಹಾದಲ್ಲಿ ಸೇರಿದ ತಜ್ಞರು ಇದಕ್ಕೊಂದು ಕ್ರಮ ಹಾಕಿಕೊಟ್ಟರು: ಒಳತೊಡೆಯ ಸ್ನಾಯುವಿನದು, ಸೊಂಟ ಮಡಚುವ ಸ್ನಾಯುವಿನದು, ಹರ್ನಿಯಾ ಆಗುವ ಜಾಗದ್ದು, ಆ ಗಟ್ಟಿ ಮೂಳೆಗಳು ನಡುವೆ ಕೂಡುವ ಗಂಟಿನದು. ಇವಲ್ಲದೆ ಸೊಂಟದ ಕೀಲಿನಿಂದ ಬರುವ ನೋವು, ಇತರ ಕಾಯಿಲೆಗಳ ನೋವು ಬೇರೆ.

ಮೂಲ ಹುಡುಕುವ ಕೆಲಸ ವೈದ್ಯರ ಬೆರಳಿನಿಂದಲೇ ಶುರುವಾಗುತ್ತದೆ. ಅಂಗಾತ ಮಲಗಿಸಿ ಎರಡು ಮಂಡಿಗಳ ನಡುವೆ ಮುಷ್ಟಿಯಿಟ್ಟು "ಒತ್ತಿ ಹಿಡಿಯಿರಿ" ಎನ್ನುತ್ತಾರೆ. ಒತ್ತಿದಾಗ ಹಳೆಯ ನೋವೇ ಮರಳಿ, ಒಳತೊಡೆಯ ಸ್ನಾಯುವಿನ ಬುಡ ಮುಟ್ಟಿದಾಗಲೂ ನೋವಾದರೆ ಮೂಲ ಆ ಸ್ನಾಯುವೇ ಎಂಬುದು ಬಹುತೇಕ ಸ್ಪಷ್ಟ. ಎಂಆರ್‌ಐ ಒಂದನ್ನೇ ನಂಬುವಂತಿಲ್ಲ. ನೋವೇ ಇಲ್ಲದ ಆಟಗಾರರ ಮೂಳೆಯಲ್ಲೂ ಅದು ಊತ ತೋರಿಸುತ್ತದೆ.

ತಿಂಗಳುಗಟ್ಟಲೆ ಮಲಗಿದರೆ ನೋವು ತಗ್ಗುತ್ತದೆ, ಸ್ನಾಯುವೂ ಸೊರಗುತ್ತದೆ. ಮತ್ತೆ ಮೈದಾನಕ್ಕಿಳಿದ ವಾರದಲ್ಲೇ ನೋವು ಹಾಜರು. 1999ರಲ್ಲಿ ಡೆನ್ಮಾರ್ಕಿನ ಹೋಲ್ಮಿಕ್ ಮತ್ತು ಸಂಗಡಿಗರು ಇಂಥ ಹಳೆಯ ನೋವಿದ್ದ 68 ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಮಸಾಜ್, ಲೇಸರ್, ಸ್ನಾಯು ಹಿಗ್ಗಿಸುವಿಕೆ. ಇನ್ನೊಂದಕ್ಕೆ ಬಲ ಹೆಚ್ಚಿಸುವ ವ್ಯಾಯಾಮ. ನೋವಿಲ್ಲದೆ ಮೊದಲಿನ ಮಟ್ಟದ ಆಟಕ್ಕೆ ಮರಳಿದವರು ಮೊದಲ ಗುಂಪಿನಲ್ಲಿ 4 ಮಂದಿ, ವ್ಯಾಯಾಮದ ಗುಂಪಿನಲ್ಲಿ 23.

ವ್ಯಾಯಾಮಕ್ಕೆ ಯಂತ್ರವೂ ಬೇಡ. ಮೊದಲು ಮಂಡಿಗಳ ನಡುವೆ ಚೆಂಡಿಟ್ಟು ಒತ್ತುವುದು. ಕೆಲವು ವಾರಗಳ ನಂತರ ಮಗ್ಗುಲಾಗಿ ಮಲಗಿ, ಮೇಲಿನ ಕಾಲನ್ನು ಗೆಳೆಯನ ಕೈಯಲ್ಲೋ ಬೆಂಚಿನ ಮೇಲೋ ಇಟ್ಟು, ಒಳತೊಡೆಯ ಬಲದಿಂದಲೇ ಸೊಂಟವನ್ನು ಎತ್ತಿ ನಿಧಾನವಾಗಿ ಇಳಿಸುವುದು. ಇದಕ್ಕೆ ಕೋಪನ್‌ಹೇಗನ್ ವ್ಯಾಯಾಮವೆಂದು ಹೆಸರು. 2019ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಇದನ್ನು ರೂಢಿಸಿಕೊಂಡ ಫುಟ್‌ಬಾಲ್ ಆಟಗಾರರಲ್ಲಿ ತೊಡೆಸಂದಿನ ತೊಂದರೆಯ ಸಾಧ್ಯತೆ ಶೇ. 41ರಷ್ಟು ಇಳಿದಿತ್ತು. ಗುಣವಾಗಲು ಎರಡು-ಮೂರು ತಿಂಗಳಾದರೂ ಬೇಕು. ಅದಕ್ಕೂ ನೋವು ಬಗ್ಗದಿದ್ದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾದೀತು.

ಕೆಲವು ನೋವುಗಳನ್ನು ಮಾತ್ರ ಕಾದು ನೋಡಬಾರದು. ವೃಷಣದಲ್ಲಿ ಹಠಾತ್ತನೆ ನೋವೆದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೆಳೆಯುವ ಮಕ್ಕಳು ಕುಂಟತೊಡಗಿದರೆ, ಓಟಗಾರರಿಗೆ ಕಾಲೂರಿದಾಗ ಅಥವಾ ರಾತ್ರಿ ನೋವಾದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿ.

ಕಂಬಳ ಶುರುವಾಗುವುದು ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಮಳೆಗಾಲವೇ ಒಳತೊಡೆಯನ್ನು ಗಟ್ಟಿ ಮಾಡಿಕೊಳ್ಳುವ ಕಾಲ. ತರಬೇತುದಾರರು ವಾರಕ್ಕೆರಡು ದಿನ ಇದಕ್ಕೆ ಮೀಸಲಿಡಲಿ.