ಗಣಿತದ ತರಗತಿಯೂ ಅದರ ನಿಬಂಧನೆಗಳೂ

ಮಳೆಗಾಲವು ಬಲಿಯುತ್ತಿದ್ದಂತೆಯೇ ನಮ್ಮ ಮಂಗಳೂರಿನ ಕಾಲೇಜುಗಳಲ್ಲಿ ಹೊಸ ಸಾಲಿನ ಮಾತು ಮೊದಲಾಗುವುದು. ಬೆಳ್ತಂಗಡಿ, ಸುಳ್ಯ, ಪುತ್ತೂರು, ಬಂಟ್ವಾಳಗಳ ಕಡೆಯಿಂದ ಕೊಡೆ ಹಿಡಿದು ಬಸ್ಸಿಳಿದು ಬರುವ ತರುಣ ತರುಣಿಯರಿಗೆ ಗಣಿತದ ಅಧ್ಯಾಪಕರು ಮೊದಲನೆಯ ದಿನ ಪಾಠಕ್ಕಿಂತ ಮುಂಚೆ ನಿಬಂಧನೆಗಳನ್ನೇ ಓದಿ ಹೇಳುವುದು ವಾಡಿಕೆ. ಇಷ್ಟು ಹಾಜರಿ ಇರತಕ್ಕದ್ದು, ಇಷ್ಟು ಅಂಕ ಬರತಕ್ಕದ್ದು, ಇಂತಹ ದಿನದೊಳಗೆ ಲೆಕ್ಕಗಳನ್ನು ಬಿಡಿಸಿ ಒಪ್ಪಿಸತಕ್ಕದ್ದು. ವಿದ್ಯಾರ್ಥಿಗಳು ಇದನ್ನು ನ್ಯಾಯಸ್ಥಾನದ ಸಮನ್ಸಿನಂತೆ ಕೇಳಿಕೊಂಡು ಸುಮ್ಮನಾಗುವರು. ಈ ನಿಬಂಧನೆಗಳು ಯಾರನ್ನು ಬಂಧಿಸುತ್ತವೆ, ಏನನ್ನು ಸಾಧಿಸುತ್ತವೆ ಎಂಬುದನ್ನು ವಿಚಾರಿಸುವ ಗೋಜಿಗೆ ವಿದ್ಯಾಧಿಕಾರಿಗಳಾಗಲಿ ಪೋಷಕರಾಗಲಿ ಹೋದಂತೆ ನಮಗೆ ತೋರುವುದಿಲ್ಲ.

ಮೊದಲು ವಿಷಯವು ಯಾವುದೆಂಬುದನ್ನು ವಾಚಕರು ತಿಳಿಯಬೇಕು. ಪದವಿ ತರಗತಿಯ ಮತ್ತು ಎಂಜಿನಿಯರಿಂಗ್ ತರಗತಿಯ ಆರಂಭದ ವರ್ಷಗಳಲ್ಲಿ ಕಲಿಯಬೇಕಾದ ಬಹುಚರ ಕಲನಶಾಸ್ತ್ರವೆಂಬುದು ಹೆಸರಿನಿಂದ ಭಯಂಕರವಾಗಿದ್ದರೂ, ನಮ್ಮ ಊರಿನವರಿಗೆ ಅನುಭವದಿಂದ ಅಪರಿಚಿತವಾದುದಲ್ಲ. ಬಾವುಟಗುಡ್ಡೆಯ ಮೇಲೆ ನಿಂತವನು ಹಂಪನಕಟ್ಟೆಯ ಕಡೆಗೆ ಹೆಜ್ಜೆಯಿಟ್ಟರೆ ಇಳಿಜಾರು ಒಂದು ಬಗೆ, ಜ್ಯೋತಿಯ ಕಡೆಗೆ ಇಟ್ಟರೆ ಮತ್ತೊಂದು ಬಗೆ. ನಿಂತ ಸ್ಥಳವು ಒಂದೇ ಆದರೂ ಇಳಿಜಾರಿನ ಪ್ರಮಾಣವು ನಡೆಯುವ ದಿಕ್ಕನ್ನು ಅವಲಂಬಿಸಿದೆ. ಒಂದೊಂದು ದಿಕ್ಕನ್ನು ಪ್ರತ್ಯೇಕವಾಗಿ ಹಿಡಿದು ಅಳೆಯುವುದೇ ಆಂಶಿಕ ಅವಕಲನ. ಎಲ್ಲ ದಿಕ್ಕುಗಳಲ್ಲಿಯೂ ಅತ್ಯಂತ ಕಡಿದಾದುದು ಯಾವುದೆಂದು ಗಣಿತಜ್ಞನು ಲೆಕ್ಕ ಹಾಕಿ ಹೇಳುವನು; ಗುಡ್ಡದ ಮೇಲೆ ಬಿದ್ದ ಮಳೆನೀರು ಲೆಕ್ಕವಿಲ್ಲದೆಯೇ ಆ ದಿಕ್ಕನ್ನು ಹಿಡಿದು ಹರಿಯುವುದು. ಇನ್ನು ತುಂಬೆಯ ಅಣೆಕಟ್ಟಿನ ಹಿಂದೆ ನಿಂತ ನೇತ್ರಾವತಿಯ ನೀರೆಷ್ಟು? ಆಳವು ದಡದಲ್ಲಿ ಒಂದು, ನಡುವಿನಲ್ಲಿ ಒಂದು. ಪ್ರತಿಯೊಂದು ಎಡೆಯ ಆಳವನ್ನೂ ವಿಸ್ತೀರ್ಣದುದ್ದಕ್ಕೂ ಕೂಡಿಸುತ್ತಾ ಹೋದರೆ ನೀರಿನ ಮೊತ್ತವು ದೊರೆಯುವುದು. ಇದೇ ದ್ವಿ ಅನುಕಲನ. ಬೇಸಗೆಯಲ್ಲಿ ನಗರಕ್ಕೆ ನೀರು ಎಷ್ಟು ದಿನ ಸಾಲುವುದೆಂದು ಹೇಳಬೇಕಾದ ಎಂಜಿನಿಯರಿಗೆ ಇದು ಒಣ ಪಾಂಡಿತ್ಯವಲ್ಲ.

ಇಂತಹ ವಿದ್ಯೆಗೆ ವಿಧಿಸಿರುವ ಕಟ್ಟಳೆಗಳನ್ನು ನೋಡೋಣ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ನಮ್ಮ ಸುತ್ತಿನ ಹಲವು ಎಂಜಿನಿಯರಿಂಗ್ ಕಾಲೇಜುಗಳು ಸೇರಿವೆ. ಅದರ 2022ರ ಕ್ರಮದಲ್ಲಿ ವಿದ್ಯಾರ್ಥಿಯು ನೂರಕ್ಕೆ 85ರಷ್ಟು ತರಗತಿಗಳಲ್ಲಿ ಹಾಜರಿರಬೇಕೆಂದು ವಿಧಿಸಲಾಯಿತು. ತಕ್ಕ ಕಾರಣವಿದ್ದರೆ ಕುಲಪತಿಗಳು 10ರಷ್ಟನ್ನು ಮನ್ನಿಸಬಹುದು. ಕಾಲೇಜಿನೊಳಗಿನ ಪರೀಕ್ಷೆಗಳಿಗೆ 50 ಅಂಕ, ಅದರಲ್ಲಿ 20 ಬರಬೇಕು. ಕೊನೆಯ ಪರೀಕ್ಷೆಗೆ ಮೂರು ಗಂಟೆ, 100 ಅಂಕ. ಅದನ್ನು ಅರ್ಧಕ್ಕಿಳಿಸಿ 50 ಎಂದು ಲೆಕ್ಕ ಹಿಡಿಯುವರು, ಅದರಲ್ಲಿ 18 ಬಂದರೆ ಸಾಕು. ಎರಡೂ ಸೇರಿ 40 ಆದರೆ ತೇರ್ಗಡೆ. ಪಾಠವು ಐದು ಭಾಗ. ಪ್ರತಿ ಭಾಗದಿಂದ ಇಪ್ಪತ್ತು ಅಂಕಗಳ ಎರಡು ಪ್ರಶ್ನೆಗಳನ್ನು ಕೊಟ್ಟು ಒಂದನ್ನು ಬಿಡಿಸೆನ್ನುವರು.

ಇಲ್ಲಿ ವಾಚಕರು ಸ್ವಲ್ಪ ಗಣಿತವನ್ನು ತಾವೇ ಮಾಡಿ ನೋಡಬೇಕು. ಐದು ಭಾಗಗಳಲ್ಲಿ ಎರಡನ್ನು ಮಾತ್ರ ಚೆನ್ನಾಗಿ ಉರು ಹೊಡೆದವನಿಗೆ ನೂರಕ್ಕೆ 40 ಬರುವುದು. ಅದು ಅರ್ಧಕ್ಕಿಳಿದರೆ 20. ಕಾಲೇಜಿನೊಳಗಿನ 20ನ್ನು ಸೇರಿಸಿದರೆ 40. ಅವನು ಗೆದ್ದನು! ಉಳಿದ ಮೂರು ಭಾಗಗಳ ಪುಟವನ್ನು ತಿರುವದೆಯೂ ಗೆದ್ದನು. ಆಂಶಿಕ ಅವಕಲನವು ಮೊದಲನೆಯ ಅರ್ಧವರ್ಷದಲ್ಲಿ ಐದರೊಳಗಿನ ಒಂದು ಭಾಗದಲ್ಲಿಯೇ ಅಡಗಿರುವುದರಿಂದ, ಅದನ್ನು ಪೂರ್ತಿಯಾಗಿ ಬಿಟ್ಟವನಿಗೂ ಮುಂದಿನ ಅರ್ಧವರ್ಷದ ಬಾಗಿಲು ತೆರೆದಿರುವುದು. ಅಲ್ಲಿ ಬಹು ಅನುಕಲನವು ಕಾದುಕೊಂಡಿರುತ್ತದೆ. ಬಿಟ್ಟ ಪಾಠವಿಲ್ಲದೆ ಅದು ಅರ್ಥವಾಗಲಾರದು. ಆಗ ಅಲ್ಲಿಯೂ ಉರು ಹೊಡೆಯುವುದೊಂದೇ ಗತಿ. ಒಟ್ಟಿನಲ್ಲಿ ಈ ಕಟ್ಟಳೆಯು ವಿದ್ಯಾರ್ಥಿಯ ದೇಹವು ನೂರಕ್ಕೆ 85ರಷ್ಟು ತರಗತಿಯಲ್ಲಿರಬೇಕೆನ್ನುವುದು. ಕೊನೆಯ ಪರೀಕ್ಷೆಯಲ್ಲಿ ಅವನ ಬುದ್ಧಿಯಾದರೋ ನೂರಕ್ಕೆ 35ರಷ್ಟು ಬಂದರೆ ತೃಪ್ತಿಪಡುವುದು. ಇದು ಯಾವ ನ್ಯಾಯ?

ಹಾಜರಿಯ ನಿಯಮವೇ ಬೇಡವೆಂದು ನಾವು ಹೇಳುವವರಲ್ಲ. ಈ ಪಾಠದ ಕೊನೆಯ ಅಧ್ಯಾಯಗಳಲ್ಲಿ ಗ್ರೀನನ ಪ್ರಮೇಯವೆಂಬುದೊಂದು ಬರುವುದು. ಆ ಜಾರ್ಜ್ ಗ್ರೀನನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ಬಾಲ್ಯದಲ್ಲಿ ಶಾಲೆ ಕಂಡುದು ಸುಮಾರು ಒಂದೇ ವರ್ಷ. 1828ರಲ್ಲಿ ತನ್ನ ಪ್ರಬಂಧವನ್ನು ಚಂದಾದಾರರ ಹಣದಿಂದ ಅಚ್ಚು ಹಾಕಿಸಿದನು. ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ವಿದ್ಯಾರ್ಥಿಯಾಗಿ ಸೇರಿದಾಗ ಅವನಿಗೆ ನಲವತ್ತು ವರ್ಷ. ಹಾಜರಿ ಪುಸ್ತಕವು ಇಂತಹವನನ್ನು ಸೃಷ್ಟಿಸಲಾರದು, ನಿಜ. ಆದರೆ ಗ್ರೀನರು ಕೋಟಿಗೊಬ್ಬರು. ಸಾಮಾನ್ಯ ವಿದ್ಯಾರ್ಥಿಗೆ ಗಣಿತವೆಂಬುದು ಸರಪಣಿ. ನಡುವಣ ಒಂದು ಕೊಂಡಿ ತಪ್ಪಿದರೆ ಮುಂದಿನದೆಲ್ಲವೂ ಕೈಬಿಡುವುದು. ಆದುದರಿಂದ ತರಗತಿಗೆ ಬರುವುದು, ಲೆಕ್ಕವನ್ನು ತಾನೇ ಬಿಡಿಸುವುದು, ನೆರೆಯವನ ಪುಸ್ತಕದಿಂದ ಎತ್ತಿ ಬರೆಯದಿರುವುದು, ಇವು ಮೂರೂ ವಿದ್ಯಾರ್ಥಿಯ ಧರ್ಮಗಳೇ ಸರಿ. ಇಂದು ಯಂತ್ರವೇ ಕ್ಷಣಾರ್ಧದಲ್ಲಿ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿಕೊಡುವ ಕಾಲ ಬಂದಿರುವಾಗ ಮೂರನೆಯ ಧರ್ಮವು ಇನ್ನಷ್ಟು ಮುಖ್ಯವಾಗಿದೆ.

ನಮ್ಮ ಆಕ್ಷೇಪವಿರುವುದು ಬೇರೆ ಕಡೆ. ಈ ಜಿಲ್ಲೆಯ ಹಿರಿಯರಿಗೆ ಚಾಲಗೇಣಿಯ ನೆನಪಿರಬಹುದು. ಒಕ್ಕಲು ಸಲ್ಲಿಸಬೇಕಾದುದಕ್ಕೆ ಲೆಕ್ಕವಿತ್ತು, ಗಡುವಿತ್ತು. ಒಕ್ಕಲಿಗೆ ಸಲ್ಲಬೇಕಾದುದು ಮಾತ್ರ ಧಣಿಯ ಮರ್ಜಿಗೆ ಬಿಟ್ಟುದಾಗಿತ್ತು. ಗಣಿತದ ತರಗತಿಯ ನಿಬಂಧನೆಗಳು ಇಂದಿಗೂ ಆ ಬಗೆಯವೇ. ವಿದ್ಯಾರ್ಥಿಯು ತಡವಾಗಿ ಒಪ್ಪಿಸಿದರೆ ಅಂಕ ಕಡಿತವೆಂದಿರುವುದು. ತಿದ್ದಿದ ಉತ್ತರ ಪತ್ರಿಕೆಯು ಎಷ್ಟು ದಿನದೊಳಗೆ ಅವನ ಕೈಗೆ ಮರಳುವುದೆಂಬುದು ಇರುವುದಿಲ್ಲ. ಸಂದೇಹ ಕೇಳಲು ಅಧ್ಯಾಪಕರು ಯಾವ ದಿನ, ಯಾವ ಹೊತ್ತಿನಲ್ಲಿ ದೊರೆಯುವರೆಂಬುದು ಇರುವುದಿಲ್ಲ. ಮಳೆಗೆ ಗುಡ್ಡ ಜರಿದು ದಾರಿ ಮುಚ್ಚಿದ ದಿನ ಬರಲಾಗದವನ ಹಾಜರಿಯ ಗತಿಯೇನೆಂಬುದೂ ಇರುವುದಿಲ್ಲ.

ಪಾಠಕ್ರಮದ ಸ್ಥಿರತೆಯಾದರೂ ಇದೆಯೇ? ಪದವಿ ಕಾಲೇಜುಗಳಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಕ್ರಮವು ಬಂದಿತು. 2024ರಲ್ಲಿ ರಾಜ್ಯ ಸರಕಾರವು ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಮೂರು ವರ್ಷಗಳಲ್ಲಿ ಎರಡು ಸಲ ಕ್ರಮ ಬದಲಾದರೆ ಅಧ್ಯಾಪಕನು ಯಾವ ನಂಬಿಕೆಯಿಂದ ಪಾಠವನ್ನು ಅಣಿಗೊಳಿಸುವನು? ನಿಬಂಧನೆಯ ಸ್ಥಿರತೆಯನ್ನು ವಿದ್ಯಾರ್ಥಿಯಿಂದ ಬಯಸುವವರು ಮೊದಲು ತಾವು ಸ್ಥಿರರಾಗಬೇಕು.

ಭಾಷೆಯ ಪ್ರಶ್ನೆಯು ಇನ್ನೂ ದೊಡ್ಡದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡದಿಂದ ಗಣಿತ ಕಲಿತು ಬಂದ ಹುಡುಗನು ಕಾಲೇಜಿನಲ್ಲಿ ಹೊಸ ಗಣಿತವನ್ನೂ ಹೊಸ ಭಾಷೆಯನ್ನೂ ಒಂದೇ ಗಳಿಗೆಯಲ್ಲಿ ಎದುರಿಸುವನು. ಅವನು ಸೋತರೆ ಸೋತುದು ಯಾವುದರಲ್ಲಿ ಎಂದು ಪರೀಕ್ಷಕನು ಹೇಳಬಲ್ಲನೆ? ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2021ರಲ್ಲಿ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿಯಿತ್ತಿತು. ಅನುಮತಿಯೊಂದರಿಂದಲೇ ಕಾರ್ಯವಾಗದು. ಬೆಳ್ಳಾವೆ ವೆಂಕಟನಾರಣಪ್ಪನವರು ಮಿತ್ರರೊಡನೆ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದುದು 1918ರಲ್ಲಿ. ನಮ್ಮ ನೆರೆಯ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಅವರಿಗೆ ಸಾಲಿದ ಕನ್ನಡವು ನಮ್ಮ ತರಗತಿಗೆ ಸಾಲದೇ? ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿಯೇ ಇರಲಿ. ಸೂತ್ರದ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಪ್ರತಿಯೊಂದು ಭಾಗದಲ್ಲಿಯೂ ಅಲ್ಪಸ್ವಲ್ಪವಾದರೂ ತಿಳಿವಳಿಕೆಯನ್ನು ತೋರದೆ ತೇರ್ಗಡೆಯಿಲ್ಲವೆಂಬ ನಿಯಮವಾಗಲಿ. ತಪ್ಪಿದವನಿಗೆ ಆ ಭಾಗವನ್ನಷ್ಟೇ ಮತ್ತೆ ಕಲಿತು ಮತ್ತೆ ಬರೆಯುವ ಅವಕಾಶವಿರಲಿ. ಉತ್ತರ ಪತ್ರಿಕೆಗಳು ಮುಂದಿನ ಪರೀಕ್ಷೆಗೆ ಮುಂಚೆ ತಿದ್ದಿ ಮರಳಲಿ. ವಾರಕ್ಕೆ ಎರಡು ಗಂಟೆ ಅಧ್ಯಾಪಕರು ಸಂದೇಹಕ್ಕೆಂದೇ ಕುಳಿತಿರಲಿ. ಆ ಗಂಟೆಯಲ್ಲಿ ಕನ್ನಡವು ನಿಸ್ಸಂಕೋಚವಾಗಿ ನಡೆಯಲಿ. ಇವೆಲ್ಲವನ್ನೂ ಮೊದಲನೆಯ ದಿನ ಓದುವ ಅದೇ ಕಾಗದದಲ್ಲಿ, ವಿದ್ಯಾರ್ಥಿಯ ಕರ್ತವ್ಯಗಳ ಎದುರಿಗೆ ಕಾಲೇಜಿನ ಕರ್ತವ್ಯಗಳೆಂದು ಬರೆದು ಕೆಳಗೆ ರುಜು ಹಾಕಲಿ.

ಸೈಂಟ್ ಅಲೋಶಿಯಸ್ ಕಾಲೇಜು 1880ರಲ್ಲಿ ಹುಟ್ಟಿದ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ತಲೆಯೆತ್ತಿದ, ಕೊಣಾಜೆಯಲ್ಲಿ 1980ರಿಂದ ಸ್ವಂತ ವಿಶ್ವವಿದ್ಯಾನಿಲಯವನ್ನು ಪಡೆದ ನಗರವಿದು. ವಿದ್ಯಾಶಾಲೆಗಳ ಸಂಖ್ಯೆಯಲ್ಲಿ ನಮಗೆ ಕೊರತೆಯಿಲ್ಲ. ಹೊಸ ಸಾಲಿನಲ್ಲಿ ಸುಳ್ಯದ ಬಸ್ಸಿನಿಂದಿಳಿಯುವ ಹುಡುಗಿಯು ಮೊದಲನೆಯ ದಿನ ಆ ಕಾಗದವನ್ನು ಓದಿ, ತನ್ನಿಂದ ಏನು ಬಯಸುವರೆಂಬುದನ್ನು ಮಾತ್ರವಲ್ಲದೆ ತನಗೆ ಏನು ಸಲ್ಲಬೇಕೆಂಬುದನ್ನೂ ಅರಿಯುವಂತಾಗಲಿ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನವೂ ಬೇಡ. ಒಂದು ಹಾಳೆ ಕಾಗದವೂ ಅದನ್ನು ನಡೆಸಿಕೊಡುವ ಮನಸ್ಸೂ ಇದ್ದರೆ ಸಾಕು.