ಸಾಕು ಗಿಳಿಗಳಿಗೆ ಕ್ಷೇಮಕರವಾದ ರಾತ್ರಿ ಗೂಡು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮಗಳಲ್ಲಿಯೂ ಮನೆಯ ಮಕ್ಕಳ ಸಂತೋಷಕ್ಕಾಗಿ ಬಣ್ಣದ ಸಣ್ಣ ಗಿಳಿಗಳನ್ನು ಪಂಜರದಲ್ಲಿಟ್ಟು ಸಾಕುವುದುಂಟು. ಹಗಲಿನಲ್ಲಿ ಕಾಳು ನೀರುಗಳನ್ನು ಕ್ರಮವಾಗಿ ಕೊಡುವ ಯಜಮಾನರು ಸಹ, ರಾತ್ರಿಯಲ್ಲಿ ಹಕ್ಕಿಯು ಎಲ್ಲಿ, ಹೇಗೆ ಮಲಗುವುದೆಂಬ ವಿಚಾರದಲ್ಲಿ ಸಾಕಷ್ಟು ಲಕ್ಷ್ಯ ಕೊಡುವುದಿಲ್ಲ. ಬೆಳಿಗ್ಗೆ ಹಕ್ಕಿ ಸತ್ತು ಬಿದ್ದಿದ್ದರೆ ಚಳಿಯಿಂದ ಸತ್ತಿತೆಂದು ಹೇಳಿ ಸುಮ್ಮನಾಗುತ್ತಾರೆ. ಆದರೆ ಚಳಿಯನ್ನು ತಡೆಯಲು ಪ್ರೀತಿಯಿಂದ ಮಾಡಿಕೊಟ್ಟ ಗೂಡೇ ಕೆಲವು ಸಲ ಅದರ ಮರಣಕ್ಕೆ ಕಾರಣವಾಗಬಹುದು. ಆದುದರಿಂದ ಅಪಾಯವಿಲ್ಲದ ಗೂಡನ್ನು ಅಲ್ಪ ವೆಚ್ಚದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಗಿಳಿಯನ್ನು ಸಾಕಬಹುದು?

ನಮ್ಮ ತೋಟ ಹೊಲಗಳಲ್ಲಿ ಹಾರಾಡುವ ಹಸಿರು ಗಿಳಿಯನ್ನು ಹಿಡಿಯುವುದೂ, ಮಾರುವುದೂ, ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವಾಗಿದೆ. ಇದಕ್ಕೆ ಕಾರಾಗೃಹವಾಸವೂ ಜುಲ್ಮಾನೆಯೂ ಉಂಟು. ಅದು ಸೂರ್ಯಕಾಂತಿಯ ತೆನೆಯನ್ನೂ ದಾಳಿಂಬೆಯ ಹಣ್ಣನ್ನೂ ಕೆಡಿಸುವುದು ನಿಜ. ಆದರೂ ಬೆಳೆಯ ನಷ್ಟವು ಹಕ್ಕಿಯನ್ನು ಸೆರೆ ಹಿಡಿಯುವುದಕ್ಕೆ ಅನುಮತಿಯಾಗದು. ಒಣಗಿದ ತೆಂಗಿನ ಮರದ ಪೊಟರೆಯಿಂದ ಮರಿಗಳನ್ನು ತೆಗೆಯುವ ಹುಡುಗರಿಗೆ ಹಿರಿಯರು ಈ ವಿಷಯವನ್ನು ತಿಳಿಯಹೇಳಬೇಕು. ಅಂಥ ಹಕ್ಕಿ ಈಗಾಗಲೇ ಯಾರ ಮನೆಯಲ್ಲಾದರೂ ಇದ್ದರೆ ಸುಮ್ಮನೆ ಹಾರಿಬಿಡಕೂಡದು; ಕೈತುತ್ತಿನಿಂದ ಬೆಳೆದ ಹಕ್ಕಿಗೆ ಆಹಾರ ಹುಡುಕುವ ಅಭ್ಯಾಸವಿರುವುದಿಲ್ಲ. ಅದನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸತಕ್ಕದ್ದು.

ಮನೆಗಳಲ್ಲಿ ಸಾಕತಕ್ಕವು ಆಸ್ಟ್ರೇಲಿಯಾ ದೇಶದ ಮೂಲದ ಬಡ್ಜರಿಗರ್ ಮತ್ತು ಕಾಕಟೀಲ್ ಮುಂತಾದ, ಪಂಜರದಲ್ಲಿಯೇ ಹುಟ್ಟಿ ಬೆಳೆದ ಜಾತಿಗಳು. ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಕರೆಯುವ ಹಕ್ಕಿಗಳು ಬಹುಮಟ್ಟಿಗೆ ಬಡ್ಜರಿಗರ್‌ಗಳೇ. ಆಫ್ರಿಕಾದ ಬೂದು ಗಿಳಿ, ಮಕಾವ್ ಮೊದಲಾದ ದೊಡ್ಡ ಗಿಳಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಅವನ್ನು ನೋಂದಾಯಿಸಬೇಕು.

ಗೂಡಲ್ಲ, ಮಾಡು

ಗಿಳಿಯು ಮೊಟ್ಟೆ ಇಡುವ ಕಾಲದಲ್ಲಿ ಮಾತ್ರ ಪೊಟರೆಯನ್ನು ಸೇರಿ ಕೂರುತ್ತದೆ. ಉಳಿದ ಕಾಲದಲ್ಲಿ ಕೊಂಬೆಯ ಮೇಲೆ ಒಂಟಿ ಕಾಲಿನಲ್ಲಿ ನಿಂತು, ಗರಿಗಳನ್ನುಬ್ಬಿಸಿ ನಿದ್ರಿಸುತ್ತದೆ. ಕತ್ತಲೆಯಾದ ಮುಚ್ಚಿದ ಗೂಡನ್ನು ಸದಾ ಒದಗಿಸಿದರೆ ಅದು ಮೊಟ್ಟೆ ಇಡುವ ಕಾಲವೆಂದೇ ಭ್ರಮಿಸುತ್ತದೆ. ಗಂಡು ಇಲ್ಲದಿದ್ದರೂ ಹೆಣ್ಣು ಮೇಲಿಂದ ಮೇಲೆ ಮೊಟ್ಟೆಯಿಟ್ಟು, ಮೈಯಲ್ಲಿನ ಸುಣ್ಣದ ಅಂಶವನ್ನು ಕಳೆದುಕೊಂಡು, ಕೊನೆಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದುಂಟು. ಆದುದರಿಂದ ಮಣ್ಣಿನ ಕುಡಿಕೆಯನ್ನಾಗಲಿ, ತೂತು ಮಾಡಿದ ಇಡೀ ತೆಂಗಿನ ಚಿಪ್ಪನ್ನಾಗಲಿ ಮಲಗುವ ಗೂಡಾಗಿ ಕಟ್ಟಕೂಡದು. ಮರಿ ಮಾಡಿಸುವವರಿಗೆ ಮಾತ್ರ ಅವು ಯೋಗ್ಯ. ಮಲಗುವ ಹಕ್ಕಿಗೆ ಬೇಕಾದುದು ಮೂರು ಗೋಡೆ, ಒಂದು ಮಾಡು. ನೆಲವೂ ಬೇಡ, ಬಾಗಿಲೂ ಬೇಡ.

ವರ್ಜಿಸತಕ್ಕ ಸಾಮಗ್ರಿಗಳು

ಕಂಬಳಿಯ ತುಂಡು, ಗೋಣಿತಾಟು, ಉಣ್ಣೆಯ ಬಟ್ಟೆ, ತೆಂಗಿನ ನಾರು ಇವನ್ನು ಪಂಜರದೊಳಗೆ ಇಡಕೂಡದು. ಗಿಳಿಯ ಸ್ವಭಾವವೇ ಕಚ್ಚಿ ಹಿಂಜುವುದು. ಎಳೆಯು ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳು ಕೊಳೆಯುತ್ತದೆ. ಹೊಟ್ಟೆಗೆ ಹೋದರೆ ಗಂಟಾಗಿ ಆಹಾರದ ದಾರಿಯನ್ನು ಕಟ್ಟುತ್ತದೆ. ಸತುವಿನ ಲೇಪವುಳ್ಳ ಹೊಸ ತಂತಿ, ಸೀಸದ ಬಣ್ಣ ಬಳಿದ ಹಳೆಯ ಹಲಗೆ ಇವು ವಿಷ. ಕ್ರಿಮಿನಾಶಕ ತುಂಬಿದ್ದ ಪೆಟ್ಟಿಗೆ ಡಬ್ಬಗಳ ತುಂಡುಗಳನ್ನು ಎಷ್ಟು ತೊಳೆದರೂ ಉಪಯೋಗಿಸಬಾರದು. ಕಣಗಿಲೆ, ಹರಳು, ಉಮ್ಮತ್ತಿ ಗಿಡಗಳ ಕೊಂಬೆಗಳನ್ನೂ ತ್ಯಜಿಸಬೇಕು.

ಮಾಡುವ ಕ್ರಮ

ಬೇವಿನ ಅಥವಾ ತೆಂಗಿನ ಮರದ, ಬಣ್ಣ ವಾರ್ನಿಷ್ ಇಲ್ಲದ, ಚೆನ್ನಾಗಿ ಒಣಗಿದ ಅರ್ಧ ಅಂಗುಲ ದಪ್ಪದ ಹಲಗೆಗಳನ್ನು ಆರಿಸಿಕೊಳ್ಳಿರಿ. ಒಂದು ಜೊತೆ ಬಡ್ಜರಿಗರ್‌ಗಳಿಗೆ ಒಳಗಿನ ಅಗಲ 8 ಅಂಗುಲ, ಆಳ 5 ಅಂಗುಲ, ಎತ್ತರ 9 ಅಂಗುಲ ಸಾಕು. ಹಿಂದೆ ಒಂದು, ಪಕ್ಕಕ್ಕೆ ಎರಡು, ಮೇಲೆ ಒಂದು, ಹೀಗೆ ನಾಲ್ಕು ಹಲಗೆಗಳನ್ನು ಮರದ ಗೂಟಗಳಿಂದ ಬಿಗಿಯಬೇಕು. ಮೊಳೆ ಹೊಡೆದರೆ ಅದರ ತುದಿ ಎಲ್ಲಿಯೂ ಹೊರಗೆ ಕಾಣಬಾರದು, ಅಂಟು ಬಳಸಬಾರದು.

ಅರ್ಧ ಅಂಗುಲ ದಪ್ಪದ ಬೇವಿನ ಕಡ್ಡಿಯೊಂದನ್ನು ಎಡ ಗೋಡೆಯಿಂದ ಬಲ ಗೋಡೆಗೆ ಅಡ್ಡಲಾಗಿ, ಕೆಳ ಅಂಚಿನಿಂದ 4 ಅಂಗುಲ ಮೇಲಕ್ಕೂ, ಮುಂದಿನ ಅಂಚಿನಿಂದ 2 ಅಂಗುಲ ಒಳಕ್ಕೂ ಸೇರಿಸಬೇಕು. ಹೀಗೆ ಮಾಡಿದರೆ ತಲೆಗೂ ಬಾಲಕ್ಕೂ ಸ್ಥಳ ದೊರೆಯುತ್ತದೆ. ನೆಲವಿಲ್ಲದ ಕಾರಣ ಹಿಕ್ಕೆಯು ಕೆಳಗೆ ಬೀಳುತ್ತದೆ. ಪಂಜರದ ಅಡಿಯಲ್ಲಿ ಒಂದು ಅಡಿಕೆ ಹಾಳೆಯನ್ನಿಟ್ಟು ಅದನ್ನು ಸಂಗ್ರಹಿಸಬಹುದು. ಹೊಳಲ್ಕೆರೆಯ ಕಡೆಯ ತೋಟದವರಿಗೆ ಇದು ಖರ್ಚಿಲ್ಲದ ವಸ್ತು. ಒಂದು ಕಾಕಟೀಲ್ ಹಕ್ಕಿಗೆ ಅಗಲ 9, ಆಳ 8, ಎತ್ತರ 14 ಅಂಗುಲವಿಟ್ಟು, ಮುಕ್ಕಾಲು ಅಂಗುಲದ ಕಡ್ಡಿಯನ್ನು 6 ಅಂಗುಲ ಎತ್ತರದಲ್ಲಿ ಹಾಕಬೇಕು. ಅಂಚುಗಳನ್ನೆಲ್ಲ ಉಪ್ಪುಕಾಗದದಿಂದ ನಯಮಾಡಿ, ಹಲಗೆಯ ಬಿರುಕುಗಳನ್ನು ಪರೀಕ್ಷಿಸಿರಿ. ಬೆರಳು ಸಿಕ್ಕಿಕೊಳ್ಳುವ ಸಂದು ಒಂದೂ ಉಳಿಯಕೂಡದು.

ಕಟ್ಟುವ ಸ್ಥಳ

ಹಕ್ಕಿ ಎತ್ತರದಲ್ಲಿ ಮಲಗಲು ಇಷ್ಟಪಡುವುದರಿಂದ ಗೂಡನ್ನು ಪಂಜರದ ಮೇಲಿನ ಮೂಲೆಗೆ, ತೂಗಾಡದಂತೆ, ತುಕ್ಕು ಹಿಡಿಯದ ಉಕ್ಕಿನ ಕೊಂಡಿಗಳಿಂದ ಬಿಗಿಯಬೇಕು. ಚಿತ್ರದುರ್ಗದ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಈ ಸೀಮೆಯ ಗಾಳಿಯ ಬಲಕ್ಕೆ ಸಾಕ್ಷಿ. ಆದುದರಿಂದ ಗೂಡಿನ ಬೆನ್ನು ಗಾಳಿ ಬೀಸುವ ದಿಕ್ಕಿಗಿರಲಿ. ಚಳಿಗಾಲದ ರಾತ್ರಿ ಒತ್ತಾಗಿ ನೆಯ್ದ, ಅಂಚು ಹೊಲಿದ ಹತ್ತಿಯ ಬಟ್ಟೆಯನ್ನು ಪಂಜರದ ಹೊರಗೆ, ಕೊಕ್ಕಿಗೆ ಎಟುಕದಂತೆ ಹೊದಿಸಿ, ಒಂದು ಪಕ್ಕವನ್ನು ಗಾಳಿಗಾಗಿ ತೆರೆದಿಡಬೇಕು. ಬೇಸಿಗೆಯಲ್ಲಿ ಹೊದಿಕೆ ಬೇಡ.

ಅಡಿಗೆ ಮನೆಯಲ್ಲಿ ಪಂಜರವಿಡುವುದು ಸರ್ವಥಾ ಅಯೋಗ್ಯ. ಹೊಗೆಯಿಂದ ಗಿಳಿಯ ಶ್ವಾಸಕೋಶ ಕೆಡುತ್ತದೆ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಹೊರಡುವ ಆವಿಯು ಅದನ್ನು ಬಹುಬೇಗ ಕೊಲ್ಲಬಲ್ಲದು. ಬೆಕ್ಕು, ಇಲಿ, ಹಾವುಗಳ ಭಯವಿರುವುದರಿಂದ ರಾತ್ರಿ ಪಂಜರವನ್ನು ಜಗುಲಿಯಲ್ಲಿ ಬಿಡದೆ ಒಳಕ್ಕೆ ತರಬೇಕು. ಬಡ್ಜರಿಗರ್ ಪಂಜರದ ಕಂಬಿಗಳ ಸಂದು ಅರ್ಧ ಅಂಗುಲಕ್ಕೆ ಮೀರಬಾರದು. ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಟ್ಟರೆ ಇರುವೆ ಹತ್ತುವುದಿಲ್ಲ. ಕಾಕಟೀಲ್ ಕತ್ತಲೆಯಲ್ಲಿ ಬೆಚ್ಚಿ ರೆಕ್ಕೆ ಬಡಿದು ಗಾಯಮಾಡಿಕೊಳ್ಳುವ ಹಕ್ಕಿ. ಅದಕ್ಕೆ ಮಂದವಾದ ದೀಪವೊಂದು ಹತ್ತಿರವಿರಲಿ. ಗಿಳಿಗಳಿಗೆ ದಿನಕ್ಕೆ 10ರಿಂದ 12 ಗಂಟೆಗಳ ಸದ್ದಿಲ್ಲದ ವಿಶ್ರಾಂತಿ ಬೇಕು.

ಪಾಲನೆ

ವಾರಕ್ಕೊಮ್ಮೆ ಗೂಡನ್ನು ಬಿಚ್ಚಿ, ಬಿಸಿನೀರಿನಿಂದ ತಿಕ್ಕಿ, ಪೂರ್ಣವಾಗಿ ಬಿಸಿಲಿನಲ್ಲಿ ಒಣಗಿಸಬೇಕು. ಹಲಗೆಯನ್ನು ಕಡಿದು ಸೀಳಿದ್ದರೆ ಬದಲಾಯಿಸಿರಿ. ಹೆಣ್ಣು ಹಕ್ಕಿಯು ಗೂಡಿನಲ್ಲಿಯೇ ಹಗಲೆಲ್ಲ ಕೂತು ಹತ್ತಿರ ಬಂದವರನ್ನು ಕಚ್ಚತೊಡಗಿದರೆ, ಅದು ಮೊಟ್ಟೆಯ ಸೂಚನೆಯೆಂದು ತಿಳಿದು, ಗೂಡನ್ನು ತೆಗೆದು ಬರಿಯ ಕಡ್ಡಿಯನ್ನು ಮಾತ್ರ ಉಳಿಸಬೇಕು. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತ ಹಕ್ಕಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ನಾಲ್ಕು ಹಲಗೆಗಳೂ ಒಂದು ಕಡ್ಡಿಯೂ ಒಬ್ಬ ಬಡಗಿಗೆ ಅರ್ಧ ದಿನದ ಕೆಲಸ. ಊರಿನ ಮುಖಂಡರು ತಮ್ಮ ಮನೆಯಲ್ಲಿ ಇದನ್ನು ಮಾಡಿಸಿ ತೋರಿಸಿದರೆ ಉಳಿದವರು ನೋಡಿ ಕಲಿಯುವರು. ರೆಕ್ಕೆಯುಳ್ಳ ಪ್ರಾಣಿಯನ್ನು ಪಂಜರದಲ್ಲಿಟ್ಟ ಮೇಲೆ ಅದರ ನಿದ್ರೆಯನ್ನು ಕಾಯುವುದು ಸಾಕಿದವನ ಹೊಣೆಯಾಗಿದೆ.